ತವರಿನ ಹಕ್ಕು

ಎಪ್ಪತ್ತರ ದಶಕದಲ್ಲಿ ಮುರಗೋಡದ ಆಚೆಗಿನ ನಮ್ಮ ಊರಿನಲ್ಲಿ ಒಂದು ಸರಕಾರಿ ಹೆರಿಗೆ ಮನೆಯಿತ್ತು. ಸಾಲೆಯ ಹಿಂದೆ ಹೆಂಚಿನ ಎರಡು ಕೋಣೆ, ಕಬ್ಬಿಣದ ಮಂಚಗಳು, ಅಲ್ಲೇ ಉಳಿಯುತ್ತಿದ್ದ ಒಬ್ಬ ನರ್ಸಬಾಯಿ, ಇಷ್ಟೇ. ಅವ್ವನ ಕಡೆಯ ಹೆರಿಗೆಯಾದದ್ದೂ ಅಲ್ಲಿಯೇ.

ಅದನ್ನು ಮುಚ್ಚಬೇಕೆಂದು ನಮ್ಮ ಭಾಗದ ಧುರೀಣರೊಬ್ಬರು ಮನಸ್ಸು ಮಾಡಿದರು. ಮುಚ್ಚುತ್ತೇವೆ ಎಂದು ನೆಟ್ಟಗೆ ಹೇಳಿದ್ದರೆ ನನಗೆ ಇಷ್ಟು ಮೈ ಉರಿಯುತ್ತಿರಲಿಲ್ಲ. ಹೆರಿಗೆ ಮನೆಯ ಕಟ್ಟೆಯ ಮೇಲೆಯೇ ನಿಂತು, ಶಲ್ಯ ಸರಿಮಾಡಿಕೊಂಡು ಭಾಷಣ ಬಿಗಿದರು.

“ಕುದರಿ ಏರಿದ ರಾಣಿ ಆಳಿದ ಕಿತ್ತೂರ ನಾಡಿದು. ಇಲ್ಲಿ ಹೆಣ್ಮಕ್ಕಳು ಸರಕಾರದ ಮಂಚಕ್ಕ ಕೈ ಚಾಚಬೇಕೇನ್ರಿ? ಮಗಳ ಬಾಣಂತನ ಅಂದ್ರ ತವರಮನಿ ಹಕ್ಕ. ಆ ಹಕ್ಕ ಸರಕಾರ ಕಸಗೊಂಡಿತ್ತು. ಇವತ್ತ ಅದನ್ನ ನಿಮಗ ವಾಪಸ್ ಕೊಡಾಕ ಬಂದೇನಿ. ಚಪ್ಪಾಳಿ ಹೊಡೀರಿ!”

ಹೊಡೆದರು. ಅದೇ ಮಂಚಗಳ ಮೇಲೆ ಹಡೆದ ಹೆಂಗಸರೇ ಅವರಿಗೆ ಆರತಿ ಎತ್ತಿದರು. ಅವ್ವನಂತೂ ಕಣ್ಣು ತುಂಬಿಕೊಂಡು ಚಪ್ಪಾಳೆ ತಟ್ಟಿದಳು. ಸೀಮಂತದ ಕುಬಸ ಮುಗಿಸಿಕೊಂಡು ಅಕ್ಕ ಚೊಚ್ಚಲ ಹೆರಿಗೆಗೆ ಆಗಷ್ಟೇ ಮನೆಗೆ ಬಂದಿದ್ದಳು. ತವರು ಎಂಬ ಮಾತು ಕಿವಿಗೆ ಬಿದ್ದ ಮೇಲೆ ಅವ್ವನಿಗೆ ಬೇರೇನೂ ಕೇಳಿಸಿರಲಿಕ್ಕಿಲ್ಲ. ಹೆಂಗಸರ ಕರುಳು ಎಲ್ಲಿ ಮಿಡಿಯುತ್ತದೆಂದು ಆ ಮನುಷ್ಯನಿಗೆ ಚೆನ್ನಾಗಿ ಗೊತ್ತಿತ್ತು.

ಕೆಲವೇ ದಿನಗಳಲ್ಲಿ ಬಾಗಿಲಿಗೆ ಕೀಲಿ ಬಿತ್ತು. ರಾಮದುರ್ಗದ ಕಡೆ ವರ್ಗವಾದ ನರ್ಸಬಾಯಿ ಹೊರಡುವ ಮುಂಚೆ ನಮ್ಮ ಮನೆಗೆ ಬಂದು ಅಕ್ಕನ ಪಾದ ಒತ್ತಿ ನೋಡಿದಳು. “ಅವ್ವಾರ, ಕಾಲ ಭಾಳ ಬಾತಾವ. ಮನ್ಯಾಗ ಇಟ್ಕೊಂಡ ಕುಂದರಬ್ಯಾಡ್ರಿ. ಬೈಲಹೊಂಗಲ ದವಾಖಾನಿಗೆ ಕರಕೊಂಡ ಹೋಗ್ರಿ.”

ಬೈಲಹೊಂಗಲ ಅಕ್ಕನ ಗಂಡನ ಊರು; ಅಲ್ಲಿ ಹಡೆಯುವುದೆಂದರೆ ಗಂಡನ ಮನೆಯಲ್ಲೇ ಇರಬೇಕು. ಕುಬಸ ಮಾಡಿ ಕರೆತಂದ ಮಗಳನ್ನು ಹಡೆಯುವ ಮೊದಲೇ ಗಂಡನ ಮನೆಗೆ ಹೊರಳಿ ಕಳಿಸುವುದು ನಮ್ಮಲ್ಲಿ ತಲೆ ತಗ್ಗಿಸುವ ಮಾತು. ತವರಿನಲ್ಲಿ ಒಂದು ತುತ್ತು ಅನ್ನಕ್ಕೂ ಗತಿಯಿರಲಿಲ್ಲವೇ ಎಂದು ಆಡಿಕೊಳ್ಳುತ್ತಾರೆ. ಅವ್ವ ಅತ್ತಳು, ಆದರೆ ಕಳಿಸಿದಳು. ಮಗಳ ಜೀವ ದೊಡ್ಡದಾಗಿತ್ತು.

ಅಲ್ಲಿಯ ದವಾಖಾನೆಯಲ್ಲಿ ಅಕ್ಕನಿಗೆ ಹೆಣ್ಣುಮಗು ಹುಟ್ಟಿತು, ಬಹಳ ಕಷ್ಟಪಟ್ಟು. ಮನೆಯಲ್ಲೇ ಇದ್ದಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲವೆಂದು ಡಾಕ್ಟರು ಹೇಳಿದರು. ಬಾಣಂತನ ಮಾಡುವ ಹಕ್ಕು ಬೀಗಿತ್ತಿಯ ಪಾಲಾಯಿತು. ಅವ್ವ ಬಾಣಂತಿಗೆಂದು ಕಟ್ಟಿದ ಅಂಟಿನುಂಡಿಯ ಡಬ್ಬಿ ಹಿಡಿದುಕೊಂಡು ನೆಂಟರ ಹಾಗೆ ಬಸ್ಸಿನಲ್ಲಿ ಹೋದಳು. ಜೊತೆಗೆ ನಾನಿದ್ದೆ.

ದವಾಖಾನೆಯ ಪಡಸಾಲೆಯಲ್ಲಿ ಅದೇ ಧುರೀಣರು ನಿಂತಿದ್ದರು. ಒಳಗೆ ಅವರ ಮಗಳು ಬೇನೆ ತಿನ್ನುತ್ತಿದ್ದಳು. ನಾನು ಹಲ್ಲು ಕಡಿದೆ. ಅವ್ವ ಮಾತ್ರ ಸೆರಗು ಸರಿಮಾಡಿಕೊಂಡು ಅವರ ಮುಂದೆ ಹೋಗಿ ನಿಂತಳು.

“ಸಾಹೇಬ್ರ, ನಿಮ್ಮ ಮಗಳನ್ನ ತವರಮನ್ಯಾಗ ಹಡಿಸಲಿಲ್ಲೇನ್ರಿ?”

ಅವರಿಗೆ ನಾಚಿಕೆಯೂ ಆಗಲಿಲ್ಲ. “ಏನ ಮಾಡೋದವ್ವ, ಚೊಚ್ಚಲ ಐತಿ. ಹತ್ರ ಒಬ್ಬ ನರ್ಸಬಾಯಿ ಇದ್ರ ನಮಗ ಧೈರ್ಯ,” ಎಂದರು.

“ನಮಗೂ ಒಬ್ಬಾಕಿ ಇದ್ದಳ್ರಿ,” ಎಂದಳು ಅವ್ವ. “ಆಕೀನ್ನ ಕಳಸಾಕ ನನ್ನ ಕಡಿಂದನ ಚಪ್ಪಾಳಿ ಹೊಡಿಸಿದ್ರಿ.”