ಮೂರು ಹನಿ ನೀರು, ಬೀಗರ ಊಟ

ನನ್ನ ಮೊಮ್ಮಗಳು ಮನೆಗೆ ಬಂದಳು. ಇವತ್ತು ಮಧ್ಯಾಹ್ನ, ಮಗಳ ಮಡಿಲಲ್ಲಿ, ಆಟೋದಲ್ಲಿ ಕೂತು ಬಂದಳು. ಮೈಬಣ್ಣ ತಿಳಿಯಾಗಿದೆ, ಹೊಟ್ಟೆ ತುಂಬ ಕುಡಿಯುತ್ತಾಳೆ, ಅತ್ತರೆ ಪಕ್ಕದ ಮನೆಯವರು ಬಾಗಿಲಿಗೆ ಬಂದು ನಿಲ್ಲುತ್ತಾರೆ. ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು, ಬೈಬಲ್ ಓದಿ ಓದಿ ನಾಲ್ಕಕ್ಷರ ಉಳಿಸಿಕೊಂಡವಳು. ಈ ಸಂತೋಷಕ್ಕೆ ತಕ್ಕ ಮಾತು ನನಗೆ ಸಿಗದಿದ್ದರೆ ನೀವೇ ನಡುವೆ ತುಂಬಿಕೊಳ್ಳಿ.

ಮೊದಲ ಹೆರಿಗೆ ತವರಲ್ಲೇ ಆಗಬೇಕೆಂದು ಮಗಳು ಬಸವಕಲ್ಯಾಣದಿಂದ ಹುಮನಾಬಾದಿಗೆ ಬಂದಿದ್ದಳು. ನಾವೂ ಬೀಗರೂ ಯೇಸುಸ್ವಾಮಿಯವರೇ, ಆದರೆ ಸಭೆ ಬೇರೆ. ನಮ್ಮಲ್ಲಿ ಕೂಸಿನ ಹಣೆಗೆ ನೀರು ಚಿಮುಕಿಸಿ ದೀಕ್ಷಾಸ್ನಾನ ಕೊಡುತ್ತಾರೆ. ಏನೂ ತಿಳಿಯದವರಿಗೂ ಸಿಗುವುದೇ ಕೃಪೆ ಎನ್ನುತ್ತಾರೆ ನಮ್ಮ ಪಾಸ್ಟರ್. ಬೀಗರ ಸಭೆಯಲ್ಲಿ ಬುದ್ಧಿ ಬಂದು, ಪಾಪ ಒಪ್ಪಿಕೊಂಡು, ಪೂರ್ತಿ ಮುಳುಗಿ ಎದ್ದರೆ ಮಾತ್ರ ನಡೆಯುತ್ತದೆ. ಬೀಗರು, ಅಂದರೆ ಮಗಳ ಮಾವ, ಗೌಂಡಿ ಕೆಲಸದವರು, ಮನೆ ಕಟ್ಟುವವರು. ಮುಳುಗಿಸುವ ಸಿಮೆಂಟಿನ ತೊಟ್ಟಿಯನ್ನು ಕಟ್ಟಿದ್ದೂ ಅವರೇ, ಎದೆಮಟ್ಟ ನೀರು, ಇಳಿಯಲು ಐದು ಮೆಟ್ಟಿಲು. ಅಂಥ ತೊಟ್ಟಿ ಕಟ್ಟಿದವರಿಗೆ ಹನಿ ಹೇಗೆ ಹಿಡಿಸೀತು?

ಕೂಸು ಹುಟ್ಟಿದ ದಿನವೇ ಆಸ್ಪತ್ರೆಯಲ್ಲಿ ನಾನು ಬಾಯಿ ತಪ್ಪಿ ದೀಕ್ಷಾಸ್ನಾನದ ಮಾತು ತೆಗೆದೆ. ಬೀಗರು ಬಾಯಿಗೆ ಹಾಕಲಿದ್ದ ಪೇಢೆ ಕೈಯಲ್ಲೇ ಉಳಿಯಿತು.

“ಅಕ್ಕಾರ, ತಲಿ ಮ್ಯಾಲ ನಾಕು ಹನಿ ಬಿದ್ರ ರಕ್ಷಣೆ ಸಿಗ್ತದೇನ್ರಿ? ಹಂಗಿದ್ರ ಮಳಿಗಾಲದಾಗ ಊರಿಗೂರೇ ಸ್ವರ್ಗಕ್ಕ ಹೋಗ್ತಿತ್ತು.”

“ಮುಳುಗಿದ್ರ ಸಿಗೂದಾದ್ರ, ಕೆರ್ಯಾಗಿನ ಎಮ್ಮಿ ನಿಮಗಿಂತ ಮೊದಲ ಹೋಗ್ತಾವ್ರಿ ಬೀಗರ.”

ಅಳಿಯ ನಕ್ಕ. ಬೀಗರು ನಗಲಿಲ್ಲ. “ನನ್ನ ಮೊಮ್ಮಗಳಿಗಿ ನೀರು ಚಿಮುಕಿಸಿದ್ರ, ನಿಮ್ಮ ಮನ್ಯಾಗ ನಾ ಊಟಕ್ಕ ಕೂಡಂಗಿಲ್ಲ.”

ಮಗಳು ಮಂಚದ ಮೇಲಿಂದ ನನ್ನನ್ನೇ ನೋಡಿದಳು. ಅವರ ಮನೆಯಲ್ಲಿ ಬಾಳಬೇಕಾದವಳು ಅವಳು. ನಾನು ಮಾತು ಅಲ್ಲಿಗೇ ಬಿಟ್ಟು ಪೇಢೆಯ ಡಬ್ಬಿ ಮುಚ್ಚಿದೆ.

ಮೂರನೇ ದಿನ ಕೂಸಿನ ಮೈ ಅರಿಸಿನ ಬಳಿದಂತೆ ಆಯಿತು. ಕಾಮಾಲೆ ಎಂದು ಡಾಕ್ಟರು ನೀಲಿ ಬೆಳಕಿನ ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದರು, ಹೆದರಬೇಡಿ ಎಂದರು. ಅವರು ಹಾಗೆಂದ ಮೇಲೆಯೇ ನನಗೆ ಹೆದರಿಕೆ ಹತ್ತಿದ್ದು. ಹಾಲು ಕುಡಿಸಲು ಹೊರಗೆ ತೆಗೆದಾಗ ಕೂಸು ನನ್ನ ಕೈಗೆ ಬಂತು. ನರ್ಸಮ್ಮ ಅತ್ತ ತಿರುಗಿದ್ದೇ ತಡ, ಕಾಸಿ ಆರಿಸಿದ ನೀರಿಗೆ ಬೆರಳದ್ದಿ, ತಂದೆ, ಮಗ, ಪವಿತ್ರಾತ್ಮ ಎಂದು ಹಣೆಗೆ ಮೂರು ಹನಿ ಬಿಟ್ಟೆ. ಸಾವು ಎದುರಿಗೆ ನಿಂತಾಗ ಯಾರು ಬೇಕಾದರೂ ಕೊಡಬಹುದೆಂದು ಹಿರಿಯರಿಂದ ಕೇಳಿದ್ದೆ. ಸಾವೇನೂ ನಿಂತಿರಲಿಲ್ಲ, ನಾನೇ ಕರೆದು ನಿಲ್ಲಿಸಿಕೊಂಡಿದ್ದೆ.

“ಅಜ್ಜಿ, ಏನ್ ಮಾಡಾಕತ್ತೀರಿ?”

“ಮಾರಿ ಒರಸಾಕತ್ತೀನವ್ವ.”

ದೀಕ್ಷಾಸ್ನಾನ ಕೊಟ್ಟ ಬೆರಳು ಒಣಗುವ ಮೊದಲೇ ಸುಳ್ಳು.

ಮಧ್ಯಾಹ್ನದ ಬಸ್ಸಿಗೆ ಬೀಗರು ಬಂದರು. ಗಾಜಿಗೆ ಮೂಗು ಹಚ್ಚಿ ಬಹಳ ಹೊತ್ತು ನಿಂತರು. ಆಮೇಲೆ ನನ್ನ ಪಕ್ಕದಲ್ಲಿ ಕೂತು, ಎದುರಿನ ಗೋಡೆಗೆ ಹೇಳುವವರಂತೆ ಕೇಳಿದರು.

“ಅಕ್ಕಾರ, ನಿಮ್ಮ ಪಾಸ್ಟರ್ ಮನಿ ಇಲ್ಲೇ ಹತ್ರ ಅದಲ್ಲ?”

“ಅದರಿ. ಯಾಕ್ರಿ?”

“ಸುಮ್ನ ಕೇಳ್ದೆ. ನಾ ಚಹಾ ಕುಡ್ಯಾಕ ಹೋಗ್ತೀನಿ. ಬರಾಕ ಅರ್ಧಾ ತಾಸು ಆಗ್ತದ. ಅಷ್ಟರಾಗ ಯಾರಾರ ಬಂದು ಹೋದ್ರ ನನಗೇನು ಗೊತ್ತಾಗಂಗಿಲ್ಲ.”

“ಅವ್ರು ಬರೂದು ಬ್ಯಾಡ್ರಿ. ಆಗ್ಯಾದ.”

“ಯಾರು ಮಾಡಿದ್ರು?”

“ನಾನ.”

ಬಯ್ಯುತ್ತಾರೆಂದು ಸೆರಗು ಬಿಗಿ ಹಿಡಿದು ಕೂತೆ. ಬೀಗರು ದನಿ ಇಳಿಸಿದರು.

“ಎಷ್ಟು ಹನಿ?”

“ಮೂರು.”

“ಬರಾಬರ್ ಹತ್ಯಾವೋ ಇಲ್ಲೋ?”

“ಹತ್ಯಾವ್ರಿ.”

ಗೋಡೆಗೆ ಬಳಿದ ಗಿಲಾವು ಗಟ್ಟಿಯಾಗಿದೆ ಎಂದು ಕೇಳಿದವರಂತೆ ತಲೆಯಾಡಿಸಿದರು. ಚಹಾಕ್ಕೆ ಹೋಗಲೇ ಇಲ್ಲ.

ಕೂಸು ಚೇತರಿಸಿಕೊಂಡಿತು. ಇವತ್ತು ಸಂಜೆ ಬೀಗರ ಮನೆಯವರಿಗೆಲ್ಲ ನಮ್ಮಲ್ಲೇ ಊಟ. ಜೋಳದ ರೊಟ್ಟಿ, ಕೋಳಿ ಸಾರು, ಅನ್ನ. ಎಲ್ಲರೂ ಚಾಪೆಯ ಮೇಲೆ ಕೂತರು. ಬೀಗರು ಮಾತ್ರ ಚಪ್ಪಲಿ ಬಿಡದೆ ಹೊಸ್ತಿಲ ಆಚೆಗೇ ನಿಂತರು.

“ಮಾವಾರ, ಒಳಗ ಬರ್ರಿ,” ಎಂದಳು ಮಗಳು.

“ಹ್ಯಾಂಗ ಬರ್ಲೆವ್ವ. ಕೂಸಿಗಿ ನೀರು ಬಿದ್ದದ. ಹಾಕಿದವ್ರು ನಿಮ್ಮವ್ವ, ಹಾಕಸ್ಬೇಕು ಅಂದ್ಕೊಂಡವ ನಾನು. ಊಟಕ್ಕ ಕೂಡಂಗಿಲ್ಲ ಅಂತ ನಿಮ್ಮೆಲ್ಲರ ಮುಂದ ಅಂದೀನಿ. ಈಗ ಯಾವ ಮಾರಿ ಇಟ್ಕೊಂಡು ಉಣ್ಲಿ?”

ಮಗಳು ನನ್ನ ಕಡೆ ನೋಡಿದಳು, ಮಾವನ ಕಡೆ ನೋಡಿದಳು. ಬೈಗುಳ ಯಾರಿಗೆ ಮೊದಲು ಎಂದು ನಾನು ಕಾಯುತ್ತಿದ್ದೆ.

“ಕೃಪಾ ಅನ್ನೂದು ಗಳಿಸಿ ತಗೊಳ್ಳೂದಲ್ಲ ಅಂತ ನೀವ ಪ್ರತಿ ಐತ್ವಾರ ಹೇಳ್ತೀರಲ್ರಿ ಮಾವಾರ. ಈ ರೊಟ್ಟಿನೂ ಹಂಗ ಅಂತ ತಿಳ್ಕೋರಿ. ಆರಾಕತ್ತದ.”

ಬೀಗರು ಚಪ್ಪಲಿ ಬಿಟ್ಟು ಬಂದು ಮಗನ ಪಕ್ಕ ಕೂತರು. ನನಗೆ ಕಣ್ಣು ತುಂಬಿ, ಅವರ ತಾಟಿಗೆ ಎಷ್ಟು ತುಂಡು ಬಡಿಸಿದೆನೋ ತಿಳಿಯಲಿಲ್ಲ. ಸಂತೋಷಕ್ಕೆ ಬಾಯಿ ಮತ್ತೆ ತಪ್ಪಿತು.

“ನಮ್ಮ ಯಜಮಾನ್ರು ಸ್ವರ್ಗದಾಗಿಂದ ನೋಡಾಕತ್ತಾರ ನೋಡ್ರಿ.”

ಎಲ್ಲರ ತುತ್ತೂ ನಿಂತಿತು. ಸತ್ತವರು ಎಲ್ಲಿಂದಲೂ ನೋಡುವುದಿಲ್ಲ, ಸ್ವಾಮಿ ಬರುವ ದಿನದ ತನಕ ಗಾಢ ನಿದ್ದೆಯಲ್ಲಿರುತ್ತಾರೆ ಎಂಬುದು ಬೀಗರ ಸಭೆಯ ಪಾಠ. ಅಷ್ಟರಲ್ಲಿ ತೊಟ್ಟಿಲಲ್ಲಿದ್ದ ಕೂಸು ಸೂರಿನ ತಗಡು ಹಾರಿಹೋಗುವಂತೆ ಅಳತೊಡಗಿತು. ಬೀಗರು ತಲೆಯೆತ್ತಿ ಆ ತಗಡನ್ನು ನೋಡಿದರು.

“ಈ ಗದ್ದಲದಾಗ ಯಾರಿಗಿ ನಿದ್ದಿ ಹತ್ತತದ್ರಿ ಅಕ್ಕಾರ. ಯಜಮಾನ್ರು ಎದ್ದಿರ್ಬೇಕು,” ಎಂದು ತಾಟು ಮುಂದೆ ಸರಿಸಿದರು. “ಸಾರು ಜರಾ ಹಾಕ್ರಿ.”