ತಲೆಕೆಳಗಾದಾಗ ಬಿಚ್ಚಬೇಕಾದ ಪಟ್ಟಿ

ನನ್ನ ತಮ್ಮ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಮನೆಗೆ ಬಂದವರು ಅವನ ನಗುವಿನ ಬಗ್ಗೆ ಮಾತಾಡುತ್ತಾರೆ. ನನಗೆ ಅವನನ್ನು ನೆನೆದರೆ ಮೊದಲು ಬರುವುದು ಭಯ. ತೊಂಬತ್ತರ ದಶಕದ ಮೊದಲಲ್ಲಿ, ಅವನು ಕೆ.ಜಿ.ಎಫ್‌ನಲ್ಲಿ ಡಿಪ್ಲೊಮಾ ಓದುತ್ತಿದ್ದಾಗ, ನಮ್ಮ ಕೊಟ್ಟಿಗೆಯ ಮುಂದೆ ಪಟ್ಟ ಭಯ ಅದು.

ನಮ್ಮೂರು ಬೇತಮಂಗಲದ ರಸ್ತೆಯಲ್ಲಿ. ಅಮ್ಮ ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಿದ್ದಳು. ನಾನು ರಾಬರ್ಟ್‌ಸನ್‌ಪೇಟೆಯ ಅಂಗಡಿಗಳಿಗೆ ರವಿಕೆ, ಲಂಗ ಹೊಲಿದು ಕೊಡುತ್ತಿದ್ದೆ. ಆ ವರ್ಷ ತಮ್ಮನೂ ಅವನ ಮೂವರು ಗೆಳೆಯರೂ ಸೇರಿ ಒಂದು ಗಾಡಿ ಕಟ್ಟಲು ಹೊರಟರು. ಕಾಲೇಜು ಹುಡುಗರೇ ಕಟ್ಟಿದ ಗಾಡಿಗಳನ್ನು ರಸ್ತೆಯಿಲ್ಲದ ಕಡೆ, ಹಳ್ಳ ದಿಣ್ಣೆಗಳ ಮೇಲೆ ಓಡಿಸುವ ಸ್ಪರ್ಧೆಯೊಂದು ಬೆಂಗಳೂರಿನ ಹತ್ತಿರ ನಡೆಯುವುದಿತ್ತು. ಓಡಿಸುವವನು ನನ್ನ ತಮ್ಮ, ಏಕೆಂದರೆ ನಾಲ್ವರಲ್ಲಿ ಅವನೇ ಹಗುರ.

ಕೊಟ್ಟಿಗೆಯ ಮುಂದಿನ ಗಾರೆ ನೆಲದ ಮೇಲೆ ಗಾಡಿಯನ್ನು ಸೀಮೆಸುಣ್ಣದಿಂದ ಪೂರ್ತಿ ಅಳತೆಗೇ ಬರೆದರು. ಅಮ್ಮ ಸಗಣಿ ಬಾಚಿದಾಗಲೆಲ್ಲ ಎಂಜಿನ್ ಕೂರುವ ಜಾಗ ಅಳಿಸಿಹೋಗುತ್ತಿತ್ತು. ಮತ್ತೆ ಬರೆಯುವಾಗ ಪ್ರತಿ ಸಲವೂ ಅದನ್ನು ಇನ್ನಷ್ಟು ತಗ್ಗಿಸುತ್ತಿದ್ದರು. ಭಾರ ಕೆಳಗಿದ್ದರೆ ಗಾಡಿ ಸುಲಭವಾಗಿ ಉರುಳುವುದಿಲ್ಲವಂತೆ. ಉರುಳಿದರೆ ತಲೆಯ ಮೇಲಿನ ಪೈಪು ತಡೆಯುತ್ತದಂತೆ. ಬಿಸಿಲು, ಮಳೆ ಎನ್ನುವ ಹಾಗೆ ಅವರು ಉರುಳುವ ಮಾತಾಡುತ್ತಿದ್ದರು. ಒಳಗೆ ಮಿಷನ್ನಿನ ಮುಂದೆ ಕೂತ ನಾನು ಆ ಮಾತು ಕಿವಿಗೆ ಬೀಳದಿರಲೆಂದು ಪೆಡಲನ್ನು ಜೋರಾಗಿ ತುಳಿಯುತ್ತಿದ್ದೆ.

ಪೈಪಿನ ಚೌಕಟ್ಟು ವೆಲ್ಡಿಂಗ್ ಆಗಿ ಬಂದ ಮೇಲೆ ತಮ್ಮನನ್ನು ಸೀಟಿಗೆ ಬಿಗಿಯುವ ಪಟ್ಟಿ ಹೊಲಿಯುವ ಕೆಲಸ ನನ್ನ ಪಾಲಿಗೆ ಬಂತು. ಗಣಿ ಕೆಲಸಗಾರರ ಲೈನ್ ಮನೆಯಲ್ಲಿದ್ದ ಗೆಳೆಯನೊಬ್ಬ ತನ್ನ ಅಪ್ಪನ ಹಳೇ ಬೆಲ್ಟುಗಳನ್ನು ತಂದ. ಗಣಿಗೆ ಇಳಿಯುವವರು ತಲೆದೀಪದ ಬ್ಯಾಟರಿ ನೇತುಹಾಕಿಕೊಳ್ಳುವ ದಪ್ಪ ಬೆಲ್ಟುಗಳು.

“ಅಪ್ಪನ ಸೊಂಟಾನೇ ಬಿಟ್ಟಿಲ್ಲ ಅಕ್ಕಾ, ನಿಮ್ ತಮ್ಮನ್ನ ಬಿಡುತ್ತಾ?” ಅಂದ.

ಭುಜದ ಮೇಲಿನಿಂದಲೂ ಸೊಂಟದ ಸುತ್ತಲೂ ಬರುವ ಹಾಗೆ ಅವನ್ನು ಎರಡೆಳೆ ದಾರ ಹಾಕಿ ಹೊಲಿದೆ. ಬಕಲನ್ನು ಬದಲಿಸಬೇಕೆಂದು ನಮಗ್ಯಾರಿಗೂ ತೋಚಲಿಲ್ಲ.

ಎಂಜಿನ್ ಕೂರಿಸುವ ಮೊದಲು ಚೌಕಟ್ಟನ್ನು ಬೋರಲು ಹಾಕಿ ನೋಡೋಣ ಅಂದರು. ಕೆಳಗೆ ಹುಲ್ಲು ಹರಡಿ, ತಮ್ಮನನ್ನು ಕೂರಿಸಿ, ಪಟ್ಟಿ ಬಿಗಿದು, ಮೂವರೂ ಸೇರಿ ಮಗುಚಿದರು. ಅವನು ತಲೆಕೆಳಗಾಗಿ ನೇತಾಡಿದ.

“ಅಕ್ಕಾ, ಬಾವಲಿ ಆಗ್ಬುಟ್ಟೆ ನೋಡು” ಎಂದು ನಕ್ಕ.

ಈಗ ಬಿಚ್ಚು ಅಂದರು. ಸೊಂಟದ ಬೆಲ್ಟಿನ ಬಕಲು ಬಿಚ್ಚಬೇಕಾದರೆ ಪಟ್ಟಿಯನ್ನು ಮೊದಲು ಇನ್ನಷ್ಟು ಬಿಗಿಯಾಗಿ ಎಳೆಯಬೇಕು, ಆಮೇಲೆ ಮುಳ್ಳು ರಂಧ್ರ ಬಿಡುತ್ತದೆ. ಅವನ ಇಡೀ ಭಾರ ಪಟ್ಟಿಯ ಮೇಲಿತ್ತು. ಅದು ಒಂದು ಎಳೆಯಷ್ಟೂ ಅಲುಗಲಿಲ್ಲ. ಅವನ ನಗು ನಿಂತಿತು.

“ಬಿಚ್ಚಾಕ್ ಆಗ್ತಿಲ್ಲ ಕಣಕ್ಕಾ.”

ಕತ್ತರಿ ತರಲು ಓಡಿದೆ. ನಾನೇ ಹಾಕಿದ ಎರಡೆಳೆ ಹೊಲಿಗೆ ಆ ಕತ್ತರಿಗೆ ಬಗ್ಗಲಿಲ್ಲ. ಅಷ್ಟರಲ್ಲಿ ಹುಡುಗರು ಚೌಕಟ್ಟನ್ನು ನೆಟ್ಟಗೆ ನಿಲ್ಲಿಸಿದರು. ಅವನ ಮುಖ ತಾಮ್ರದ ಚೊಂಬಿನ ಬಣ್ಣಕ್ಕೆ ತಿರುಗಿತ್ತು.

“ಪೆಟ್ರೋಲ್ ಸೋರ್ತಿದ್ದಿದ್ರೆ…” ಎಂದು ಒಬ್ಬ ಶುರುಮಾಡಿ, ನನ್ನನ್ನು ನೋಡಿ ಹುಲ್ಲು ಬಾಚತೊಡಗಿದ.

ನೀನು ಹೋಗಬೇಡ ಎಂದು ತಮ್ಮನಿಗೆ ಹೇಳಿದೆ. ಅವನು ಭುಜ ಉಜ್ಜಿಕೊಳ್ಳುತ್ತಾ, “ನಾನ್ ಹೋಗ್ದಿದ್ರೆ ಇನ್ನೊಬ್ಬ ಕೂತ್ಕೊಂತಾನೆ. ಅವನ್ಗೂ ಅಕ್ಕ ಇರ್ತಾಳೆ” ಅಂದ.

ಬಂಗಾರಪೇಟೆಯ ಲಾರಿ ಶೆಡ್ಡಿನಿಂದ ಬಕಲಿನ ಬದಲಿಗೆ ಒಂದು ಕೊಕ್ಕೆ ತಂದರು. ಲಾರಿಯ ಹಿಂದಿನ ಹಲಗೆಗೆ ಇರುತ್ತದಲ್ಲ, ಒಳಗಿನಿಂದ ಮರಳು ಒತ್ತುತ್ತಿದ್ದರೂ ಹಿಡಿ ಎತ್ತಿದರೆ ಬಿಟ್ಟುಕೊಳ್ಳುವಂಥದು, ಆ ನಮೂನೆಯದು, ಚಿಕ್ಕದು. ಹೊಲಿಗೆಯೆಲ್ಲ ಬಿಚ್ಚಿ, ಪಟ್ಟಿಗಳು ಎದೆಯ ಮೇಲೆ ಆ ಒಂದೇ ಕೊಕ್ಕೆಗೆ ಸೇರುವ ಹಾಗೆ ಮತ್ತೆ ಹೊಲಿದೆ. ಈ ಸಲ ಮೊದಲು ನಾನೇ ಕೂರುತ್ತೇನೆ ಅಂದೆ. ನನ್ನ ಕೈಯಿಂದ ಅದು ಬಿಚ್ಚುವುದನ್ನು ನೋಡದೆ ಅವನನ್ನು ಕಳಿಸುವುದು ನನ್ನಿಂದಾಗುತ್ತಿರಲಿಲ್ಲ. ಇಬ್ಬರಿಗೂ ತಲೆ ಕೆಟ್ಟಿದೆ ಎಂದು ಬೈದ ಅಮ್ಮನೇ, ತಮ್ಮನ ಪ್ಯಾಂಟು ತಂದು ಕೊಟ್ಟಳು.

ಮಗುಚಿದಾಗ ರಕ್ತವೆಲ್ಲ ಕಣ್ಣಿಗೆ ನುಗ್ಗಿತು. ಹಸುಗಳ ಕಾಲುಗಳು ಮೇಲೆಲ್ಲೋ ಕಂಡವು. ಎದೆಯ ಮೇಲೆ ಕೈಯಾಡಿಸಿದೆ, ಕೊಕ್ಕೆ ಇಲ್ಲ. ಮೈ ಜಾರಿದ್ದರಿಂದ ಅದು ಇದ್ದಲ್ಲಿ ಇರಲಿಲ್ಲ. ಎರಡೂ ಕೈಯಿಂದ ಪಟ್ಟಿಗಳನ್ನು ಪರಚಿದೆ. ತಮ್ಮ ಹುಲ್ಲಿನ ಮೇಲೆ ಅಂಗಾತ ಮಲಗಿ ನನ್ನ ತಲೆಯ ಕೆಳಗೆ ಎರಡೂ ಕೈ ಹಿಡಿದಿದ್ದ.

“ಅವಸರ ಬ್ಯಾಡ. ಎದೆ ಹತ್ರ ಇಲ್ಲ, ಹೊಟ್ಟೆ ಮ್ಯಾಲೆ ಹುಡುಕು. ನಾನ್ ಇಲ್ಲೇ ಇದೀನಿ.”

ಸಿಕ್ಕಿತು. ಹಿಡಿ ಎತ್ತಿದೆ. ಅವನ ಕೈಗಳ ಮೇಲೆ ಬಿದ್ದೆ. ಆಮೇಲೆ ಕೊಕ್ಕೆಯನ್ನು ನಾಲ್ಕು ಬೆರಳು ಮೇಲಕ್ಕೆ ಸರಿಸಿ ಹೊಲಿದು, ಅವನನ್ನು ಮತ್ತೆ ಮತ್ತೆ ತಲೆಕೆಳಗು ಮಾಡಿಸಿದೆ. ಕಣ್ಣಿಗೆ ಬಟ್ಟೆ ಕಟ್ಟಿಯೂ ಅವನು ಬಿಚ್ಚಿ ತೋರಿಸಿದ. ಹೋಗು ಅಂದೆ.

ಸ್ಪರ್ಧೆಯ ದಿನ ನಾನು ಮಿಷನ್ ಮುಟ್ಟಲಿಲ್ಲ. ರಸ್ತೆಯಲ್ಲಿ ಬಸ್ಸು ನಿಂತ ಸದ್ದಾದಾಗಲೆಲ್ಲ ಬಾಗಿಲಿಗೆ ಬಂದು ನಿಂತೆ. ಸಂಜೆ ಅವನು ಮೈಯೆಲ್ಲ ಧೂಳಾಗಿ ನಡೆದು ಬಂದ. ಮೊದಲ ಹಳ್ಳದಲ್ಲೇ ಮುಂದಿನ ಚಕ್ರ ಕಳಚಿ ಗಾಡಿ ಅಲ್ಲೇ ಕೂತುಬಿಟ್ಟಿತಂತೆ. ಉರುಳುವಷ್ಟು ದೂರವೂ ಹೋಗಲಿಲ್ಲ. ನನಗೆ ಸಂತೋಷ ತಡೆಯಲಾಗಲಿಲ್ಲ, ಮುಖದಲ್ಲಿ ಮುಚ್ಚಿಡಲೂ ಆಗಲಿಲ್ಲ.

“ಸೋತ್ ಬಂದೋನ್ನ ನೋಡಿ ನಗ್ತೀಯಾ?” ಅಂದ.

ಊಟಕ್ಕೆ ಕರೆದರೂ ಏಳಲಿಲ್ಲ, ಗೋಡೆಯ ಕಡೆ ತಿರುಗಿ ಮಲಗಿಬಿಟ್ಟ. ನಾನು ಬಾಗಿಲಲ್ಲಿ ನಿಂತು, ಅವನ ಬೆನ್ನು ಉಸಿರಿಗೆ ಏರಿ ಇಳಿಯುವುದನ್ನು ತುಂಬ ಹೊತ್ತು ನೋಡಿದೆ.