ಬ್ಯಾರನ್ ಹತ್ತುವ ಹಿಮ್ಮಡಿ

ಹನಗೋಡಿನ ನಮ್ಮ ನೆರೆಮನೆಯ ಚಿಕ್ಕಬೀರಮ್ಮನಿಗೆ ಗತ್ತು ಜಾಸ್ತಿ ಎಂದು ನಾನು ಮೂರು ವರ್ಷ ನಂಬಿದ್ದೆ. ಅವರು ಬಲಗಾಲಿನ ಹಿಮ್ಮಡಿಯನ್ನು ನೆಲಕ್ಕೆ ತಾಗಿಸದೆ ನಡೆಯುತ್ತಿದ್ದರು. ನೆಲದ ಮೇಲೆ ಕಾಲೂರದವರು ಎಂದರೆ ಇವರೇ ಎಂದುಕೊಂಡು, ನಾನೂ ಮೇಷ್ಟ್ರ ಗತ್ತಿನಲ್ಲಿ ಮುಖ ತಿರುಗಿಸುತ್ತಿದ್ದೆ. ಒಂದು ದಿನ ಅವರು ನಮ್ಮ ಜಗಲಿಯ ಮೇಲೆ ಕುಳಿತು ಕಾಲು ತೋರಿಸಿದರು. ಹಿಮ್ಮಡಿಯ ಮೇಲಿನ ನರ ಹುಣಸೆಕಾಯಿಯ ಹಾಗೆ ಊದಿತ್ತು.

"ಬೆಳಗ್ಗೆ ಎದ್ದು ಕಾಲೂರುದ್ರೆ ಜೀವ ಓದಂಗಾಯ್ತದೆ, ಮೇಷ್ಟ್ರೇ."

ಗತ್ತು ಯಾರಿಗಿತ್ತೆಂದು ಆಗ ಗೊತ್ತಾಯಿತು.

ಚಿಕ್ಕಬೀರಮ್ಮ ಬೆಂಕಿಯ ಕಾವಿನಲ್ಲಿ ಹೊಗೆಸೊಪ್ಪು ಬೇಯಿಸುವ ಎತ್ತರದ ಕಟ್ಟಡವಾದ ಬ್ಯಾರನ್ ಹತ್ತುವವರು. ಅದರೊಳಗೆ ಎರಡಾಳೆತ್ತರದಲ್ಲಿ, ಎರಡು ಅಡ್ಡಮರಗಳ ಮೇಲೆ ಎರಡು ಕಾಲು ಅಗಲಿಸಿ ನಿಂತು, ಎಲೆ ಕಟ್ಟಿದ ಕಡ್ಡಿಗಳನ್ನು ಗಾಳಿಯಾಡುವಂತೆ ಸಾಲಾಗಿ ತೂಗುಹಾಕಬೇಕು. ಮೈಭಾರವೆಲ್ಲ ತುದಿಗಾಲ ಮೇಲೆ. ಅವರು ಹತ್ತದಿದ್ದರೆ ಹತ್ತುವವನು ಮೈದುನ ನಟರಾಜು. ಒಮ್ಮೆ ಅವನು ಸಂಜೆ ಬಸ್ಸಿಗೆ ಜನ ತುಂಬಿದಂತೆ ಕಡ್ಡಿ ತುಂಬಿ, ಅರ್ಧ ಸೊಪ್ಪು ಕೊಳೆಸಿದ್ದ. ಆದ್ದರಿಂದ ಎಲೆ ಮುರಿಯುವ ಆಗಸ್ಟಿನೊಳಗೆ ಚಿಕ್ಕಬೀರಮ್ಮನ ಕಾಲು ಸರಿಹೋಗಲೇಬೇಕಿತ್ತು.

ಏಪ್ರಿಲ್ ಕೊನೆಗೆ ಮೈಸೂರಿನ ಡಾಕ್ಟರು ನೋಡಿ, ಇದು ನರವಲ್ಲ, ಮೀನಖಂಡವನ್ನು ಮೂಳೆಗೆ ಬಿಗಿದ ಹಗ್ಗ, ಎಳೆಗಳು ಸವೆದಿವೆ ಎಂದರು. ಚಿಕ್ಕಬೀರಮ್ಮನ ತೋಳಿನಿಂದಲೇ ರಕ್ತ ತೆಗೆದು, ಯಂತ್ರದಲ್ಲಿ ಗಿರ್ರನೆ ತಿರುಗಿಸಿ, ಗಾಯ ಮಾಯಿಸುವ ಕಣಗಳಿರುವ ತಿಳಿಭಾಗವನ್ನಷ್ಟೇ ಹಿಮ್ಮಡಿಗೆ ಚುಚ್ಚಿದರು.

"ಎಲ್ಲರಿಗೂ ಇದು ಹಿಡಿಸುತ್ತೆ ಅಂತ ಹೇಳಲಾರೆನಮ್ಮ. ವ್ಯಾಯಾಮ ತಪ್ಪಿಸಬೇಡಿ. ಮೂರು ತಿಂಗಳು ಎಲ್ಲೂ ಹತ್ತಬೇಡಿ."

ಅಂದಿನಿಂದ ಅವರು ದಿನಕ್ಕೆರಡು ಸಲ ನಮ್ಮ ಜಗಲಿಯ ಮೆಟ್ಟಿಲಂಚಿನಲ್ಲಿ ಬೆರಳೂರಿ ನಿಂತು, ಹಿಮ್ಮಡಿಯನ್ನು ಮೆಲ್ಲಗೆ ಕೆಳಗಿಳಿಸತೊಡಗಿದರು. ಲೆಕ್ಕ ಹೇಳಲೆಂದು ನಾನೂ ಪಕ್ಕದಲ್ಲಿ ನಿಂತು ಅವರಂತೆಯೇ ಹಿಮ್ಮಡಿ ಇಳಿಸತೊಡಗಿದೆ. ಹನ್ನೆರಡಕ್ಕೆ ನನ್ನ ಮೀನಖಂಡ ಹಿಡಿದುಕೊಂಡಿತು. ಅವರು ಹದಿಮೂರು, ಹದಿನಾಲ್ಕು ಎಂದು ತಾವೇ ಎಣಿಸಿಕೊಂಡರು.

ಆರನೇ ವಾರಕ್ಕೆ ನೋವು ತಗ್ಗಿತು. ಅಷ್ಟರಲ್ಲಿ ಮೊಬೈಲಿನಲ್ಲಿ ಎರಡು ವಿಡಿಯೊ ನೋಡಿ ನಟರಾಜು ಅರೆ ಡಾಕ್ಟರಾಗಿದ್ದ.

"ಅಲ್ಲ ಕಣತ್ಗೆ, ನಿನ್ ರಕ್ತ ತಗ್ದು ನಿಂಗೇ ಕೊಡದು ಯಾವ್ ಸೀಮೆ ಔಸ್ದಿ? ಓಗ್ಲಿ, ನೋವಂತೂ ಕಮ್ಮಿಯಾಯ್ತಲ್ಲ. ಒಂದ್ ದಪ ಬ್ಯಾರನ್ ಹತ್ತು, ನೋಡವ."

"ಬ್ಯಾರನ್‌ಗೆ ಮೊದ್ಲುನ್ ದಿನ್ವೇ ಧಗಧಗ ಬೆಂಕಿ ಆಕುದ್ರೆ ಏನಾಯ್ತದ್ಲಾ?"

"ಎಲೆ ಹಳದಿಗೆ ತಿರುಗ್ದೆ ಅಸುರಾಗೇ ಒಣ್ಗೋಯ್ತದೆ."

"ಕಾಲೂ ಅಂಗೇ ಕಣ್ಲಾ. ಓಗು, ಸೌದೆ ಸೀಳು."

ನಟರಾಜು ಸೌದೆ ಸೀಳಿದ. ವಿಡಿಯೊಗಳಿಗಿಂತ ಅದು ಅವನಿಗೆ ಚೆನ್ನಾಗಿ ಬರುತ್ತಿತ್ತು.

ಆಗಸ್ಟಿನಲ್ಲಿ ಮೊದಲ ಸಲದ ಎಲೆ ಮುರಿದರು. ಚಿಕ್ಕಬೀರಮ್ಮ ಸೆರಗು ಬಿಗಿದು ಹತ್ತಿದರು. ಕಡ್ಡಿ ಕೊಡುವ ಕೆಲಸ ನಟರಾಜುವಿನದು ಮತ್ತು ನನ್ನದು. ಮೇಲಿನ ಅಡ್ಡಮರದ ಮೇಲೆ ಅವರು ಬಲಗಾಲ ತುದಿಯೂರಿ ಭಾರ ಬಿಟ್ಟರು. ಕಾಲು ತಡೆದುಕೊಂಡಿತು. ಒಂದು ಕಡ್ಡಿ, ಹತ್ತು ಕಡ್ಡಿ, ಒಂದು ಸಾಲೇ ತುಂಬಿತು.

ಇಂಥ ಹೊತ್ತಿನಲ್ಲಿ ಓದಿದವನು ಸುಮ್ಮನಿರಬಾರದಲ್ಲ. ಗಂಟಲು ಸರಿಮಾಡಿಕೊಂಡು ಕೇಳಿದೆ: "ಚಿಕ್ಕಬೀರಮ್ಮ, ಈ ಕ್ಷಣ ಅಷ್ಟೆತ್ತರದಲ್ಲಿ ನಿಂತು ನಿಮಗೆ ಏನನ್ನಿಸುತ್ತಿದೆ?"

"ಕೆಳ್ಗಡೆ ಒಬ್ರು ಕಡ್ಡಿ ಇಡ್ಕಂಡು ಸುಮ್ನೆ ನಿಂತವ್ರೆ ಅನ್ನುಸ್ತದೆ. ಕೊಡಿ ಇತ್ಲಾಗೆ."